ಯಾವ ಮೇಜು ಗುದ್ದಬೇಕು ಅಂತ ಗೊತ್ತಿರುವವರು ಬೇಕು

ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿರುವ ಒಬ್ಬರು ಅರಣ್ಯ ಇಲಾಖೆಯ ಕಚೇರಿಗೆ ನುಗ್ಗಿ ಗಾರ್ಡ್ ಮೇಲೆ ಕೂಗಾಡುವ ವಿಡಿಯೊ ಎರಡು ದಿನದಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಲ್ಲ ಗ್ರೂಪುಗಳಲ್ಲಿ ಓಡುತ್ತಿದೆ. ಮೇಜು ಗುದ್ದುತ್ತಾರೆ, ಫೈಲು ಎಸೆಯುತ್ತಾರೆ, ಸುತ್ತ ಚಪ್ಪಾಳೆ. ಕೆಳಗೆ ಸಾಲುಸಾಲು ಕಾಮೆಂಟು: "ಇಂಥವ್ರು ಬೇಕು", "ಎಲ್ಲಾ ಪಕ್ಷದವ್ರನ್ನೂ ನೋಡಾಯ್ತು, ಒಂದ್ಸಲ ಇವ್ರಿಗೆ ಕೊಡುವ", "ಕೆಲ್ಸ ಆಗ್ದೇ ಇದ್ರೂ ಅಡ್ಡಿಲ್ಲ, ದೊಡ್ಡವ್ರಿಗೆ ಬಿಸಿ ಮುಟ್ಲಿ".

ಹೀಗೆ ಬರೆದವರಲ್ಲಿ ಅರ್ಧ ಜನ ನನಗೆ ಬೇಕಾದವರು. ಅವರ ಸಿಟ್ಟು ಸುಳ್ಳಲ್ಲ. ಆದರೆ ಆ ಕೊನೆಯ ಮಾತನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ. ಕೆಲಸ ಆಗದಿದ್ದರೆ ಅಡ್ಡಿ ಇದೆ, ಮಾರಾಯ್ರೆ. ತುಂಬ ಅಡ್ಡಿ ಇದೆ. ವಿಡಿಯೊದಲ್ಲಿ ಬೈಸಿಕೊಂಡ ಗಾರ್ಡ್ ಕೈಯಲ್ಲಿ, ನೀವು ಸಾಗುವಳಿ ಮಾಡಿಕೊಂಡ ಅರಣ್ಯ ಜಾಗಕ್ಕೆ ಹಕ್ಕು ಕೊಡುವ ಅಧಿಕಾರವೇ ಇಲ್ಲ. ಗುದ್ದಿದ ಮೇಜಿನ ಮೇಲೆ ನಿಮ್ಮ ಅರ್ಜಿಯೂ ಇಲ್ಲ.

ಅರ್ಜಿ ಎಲ್ಲಿದೆ ಎಂಬುದು ಈ ಜಿಲ್ಲೆಯಲ್ಲಿ ಮತ ಕೇಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಮೊದಲ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ ಇದು: ಊರಿನ ಅರಣ್ಯ ಹಕ್ಕು ಸಮಿತಿ ಅರ್ಜಿ ತೆಗೆದುಕೊಂಡು ಸ್ಥಳ ಪರಿಶೀಲನೆ ಮಾಡಬೇಕು, ಗ್ರಾಮಸಭೆ ಠರಾವು ಮಾಡಬೇಕು. ಅಲ್ಲಿಂದ ಅದು ಉಪವಿಭಾಗಾಧಿಕಾರಿ (ಎಸಿ) ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ (ಡಿಸಿ) ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಜಿಲ್ಲಾ ಸಮಿತಿ ಹೇಳಿದ್ದೇ ಕೊನೆ. ಅರಣ್ಯಾಧಿಕಾರಿ ಈ ಎರಡೂ ಸಮಿತಿಗಳಲ್ಲಿ ಒಬ್ಬ ಸದಸ್ಯ, ಅಷ್ಟೆ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದು ಕಾಯ್ದೆಯ 4(5)ನೇ ಕಲಮು ಹೇಳುತ್ತದೆ. ಗಾರ್ಡ್ ಬಂದು ಬೇಲಿ ಕಿತ್ತರೆ ಎದುರು ಹಿಡಿಯಬೇಕಾದದ್ದು ಈ ಕಲಮನ್ನು. ಅದನ್ನು ಆ ವಿಡಿಯೊದಲ್ಲಿ ಯಾರೂ ಎತ್ತಲಿಲ್ಲ.

ಅರ್ಜಿ ತಿರಸ್ಕಾರವಾಗುವುದು ಎಲ್ಲಿ? ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯಕ್ಕೆ 2003ರಲ್ಲಿ ಆ ಸ್ಥಾನ ಸಿಕ್ಕಿತು. ಹಾಲಕ್ಕಿ ಮತ್ತು ಕುಣಬಿ ಸಮುದಾಯದವರು ಇನ್ನೂ ಕೇಳುತ್ತಲೇ ಇದ್ದಾರೆ. ಪಟ್ಟಿಯಲ್ಲಿಲ್ಲದವರೆಲ್ಲ "ಇತರೆ ಪಾರಂಪರಿಕ ಅರಣ್ಯವಾಸಿಗಳು". ಅವರು ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ ತೋರಿಸಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗಿ ನಿಲ್ಲುತ್ತದೆ. ಕಂಡವರ ತೋಟದಲ್ಲಿ ಕೂಲಿ ಮಾಡಿ, ಬೆಟ್ಟದ ಅಂಚಿನಲ್ಲಿ ಹತ್ತು ಗುಂಟೆ ಸಾಗುವಳಿ ಮಾಡಿಕೊಂಡವರ ಮನೆಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು?

ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ಓದಿ. ಕಾಯ್ದೆಯ 2(ಒ) ಕಲಮು ಕೇಳುವುದು ಮೂರು ತಲೆಮಾರಿನಿಂದ ಕಾಡಿನಲ್ಲಿ ವಾಸವಿದ್ದು, ಜೀವನಕ್ಕೆ ಕಾಡನ್ನು ನಂಬಿಕೊಂಡವರೇ ಎಂದು. ಅದೇ ಸರ್ವೆ ನಂಬರಿನ ಅದೇ ತುಂಡನ್ನು ಎಪ್ಪತ್ತೈದು ವರ್ಷದಿಂದ ಉಳುತ್ತಿದ್ದೀರಾ ಎಂದು ಆ ವಾಕ್ಯ ಕೇಳುವುದಿಲ್ಲ. ಈ ವ್ಯತ್ಯಾಸದ ಮೇಲೆ ಎಷ್ಟೋ ಮನೆಗಳು ನಿಂತಿವೆ. ನಿಯಮ 13ರ ಪ್ರಕಾರ ಎರಡು ಪುರಾವೆ ಬೇಕು. ಮತದಾರರ ಗುರುತಿನ ಚೀಟಿ, ರೇಶನ್ ಕಾರ್ಡು, ಮನೆ ತೆರಿಗೆ ರಸೀದಿ, ಕೋರ್ಟಿನ ದಾಖಲೆ, ಹಳೆಯ ಬಾವಿ, ಸ್ಮಶಾನ, ದೇವರ ಬನ ಎಲ್ಲವೂ ನಡೆಯುತ್ತವೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದು ಕೊಟ್ಟರೆ ಅದೂ ಪುರಾವೆ. ಇಂಥದೇ ಕಾಗದ ತನ್ನಿ ಎಂದು ಸಮಿತಿ ಹಠ ಹಿಡಿಯುವಂತಿಲ್ಲ, ಉಪಗ್ರಹ ಚಿತ್ರವನ್ನಷ್ಟೇ ನೋಡಿ ತೀರ್ಮಾನಿಸುವಂತಿಲ್ಲ, ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಇದು 2012ರಲ್ಲಿ ಸೇರಿದ 12ಎ ನಿಯಮ. ಎಸಿ ಕಚೇರಿಯಲ್ಲಿ ಈ ನಿಯಮ ಓದಿ ಹೇಳುವ ಒಬ್ಬ ಜನಪ್ರತಿನಿಧಿ ಇದ್ದರೆ ಸದ್ದೇ ಇಲ್ಲದೆ ಕೆಲಸವಾಗುತ್ತದೆ.

ಆದರೆ ಅಲ್ಲಿ ಜನಪ್ರತಿನಿಧಿಯೇ ಇರಲಿಲ್ಲ! ಉಪವಿಭಾಗ ಸಮಿತಿಯಲ್ಲಿ ತಾಲ್ಲೂಕು ಪಂಚಾಯಿತಿಯ ಮೂವರು, ಜಿಲ್ಲಾ ಸಮಿತಿಯಲ್ಲಿ ಜಿಲ್ಲಾ ಪಂಚಾಯಿತಿಯ ಮೂವರು ಚುನಾಯಿತ ಸದಸ್ಯರು ಇರಬೇಕು. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು, ನಂತರ ಮೀಸಲಾತಿ ಪಟ್ಟಿ, ನಂತರ ಕೋರ್ಟು. ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳೇ ಎಲ್ಲ. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂದರೂ ಇದು ಬದಲಾಗಲಿಲ್ಲ. ಮತದಾರ ಎನ್ನುವವನಿಗೆ ಸಿಟ್ಟು ಬರಬೇಕಾದ ಜಾಗ ಇದು. ನಿಮ್ಮ ಅರ್ಜಿಯ ಎದುರು ಕೂರಬೇಕಿದ್ದ ನಿಮ್ಮವರ ಕುರ್ಚಿಯನ್ನೇ ತೆಗೆದಿಟ್ಟರು. ಇದಕ್ಕಾಗಿ ಮೇಜು ಗುದ್ದಿದ ಒಂದೇ ಒಂದು ವಿಡಿಯೊ ನನ್ನ ಕಣ್ಣಿಗೆ ಬಿದ್ದಿಲ್ಲ.

ಎಪ್ಪತ್ತೈದು ವರ್ಷದ ಷರತ್ತನ್ನೇ ತೆಗೆಸುತ್ತೇನೆ ಎನ್ನುವವರೂ ಇದ್ದಾರೆ. ಆಗಲಿ. ಅದು ಸಂಸತ್ತಿನ ಕಾಯ್ದೆ, ಶಾಸಕರ ಕೈಯಲ್ಲಿಲ್ಲ. ಹಾಲಕ್ಕಿಗಳನ್ನು ಪಂಗಡದ ಪಟ್ಟಿಗೆ ಸೇರಿಸುವುದೂ ಸಂಸತ್ತಿನದೇ ಕೆಲಸ. ಲೋಕಸಭೆಗೆ ಪಕ್ಷೇತರರಾಗಿ ಹೋಗಿ ಖಾಸಗಿ ಮಸೂದೆ (ಸರ್ಕಾರವಲ್ಲದೆ ಸದಸ್ಯರೊಬ್ಬರು ತರುವ ಮಸೂದೆ) ತರುತ್ತೇನೆ ಎಂದರೆ, 1970ರ ನಂತರ ಒಂದೂ ಖಾಸಗಿ ಮಸೂದೆ ಎರಡೂ ಸದನಗಳಲ್ಲಿ ಪಾಸಾಗಿಲ್ಲ. ಸದನದಲ್ಲಿ ಮಾತಾಡುವ ಸಮಯ ಹಂಚುವುದು ಪಕ್ಷದ ಬಲ ನೋಡಿ, ಪಕ್ಷೇತರರಿಗೆ ಕೆಲವೇ ನಿಮಿಷ. ಪಕ್ಷದಿಂದ ಗೆದ್ದು "ಜನರಿಗಾಗಿ ಪಕ್ಷವನ್ನೇ ಎದುರು ಹಾಕಿಕೊಳ್ಳುತ್ತೇನೆ" ಎಂದರೂ, ಪಕ್ಷದ ಆದೇಶ, ಅಂದರೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಹಾಗಾದರೆ ಹೇಗೆ ಮಾಡುತ್ತೀರಿ, ಯಾರನ್ನು ಜೊತೆಗೆ ಕಟ್ಟಿಕೊಳ್ಳುತ್ತೀರಿ? ಈ ಪ್ರಶ್ನೆಗೆ ಉತ್ತರ ಇರುವವರಿಗೆ ಎಷ್ಟು ಬೇಕಾದರೂ ಕೂಗುವ ಹಕ್ಕಿದೆ.

ಆಸ್ಪತ್ರೆಯ ಕತೆಯೂ ಇದೇ. 2019ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಇಡೀ ಜಿಲ್ಲೆ ಜಾಲತಾಣದಲ್ಲಿ ದನಿ ಎತ್ತಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ತೀರಿಕೊಂಡಾಗ ಮತ್ತೆ ಎತ್ತಿತು. "ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ" ಎಂದೆವು. ಕಾರವಾರದಿಂದ ಮಣಿಪಾಲಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು, ಶಿರಸಿಯಿಂದ ಹುಬ್ಬಳ್ಳಿಗೆ ನೂರರ ಆಸುಪಾಸು. ತಲೆಗೆ ಪೆಟ್ಟು ಬಿದ್ದವರಿಗೆ ಮೊದಲ ಒಂದು ಗಂಟೆಯೇ ಜೀವ. ಆ ಗಂಟೆ ರಸ್ತೆಯಲ್ಲೇ ಕಳೆಯುತ್ತದೆ.

ಕೂಗಿದ್ದಕ್ಕೆ ಭರವಸೆಗಳು ಬಂದವು. ಆದರೆ ಕಟ್ಟಡಕ್ಕೆ ಕಲ್ಲು ಹಾಕಿದ ಮಾತ್ರಕ್ಕೆ ಯಾರ ತಲೆಯ ರಕ್ತಸ್ರಾವವೂ ನಿಲ್ಲುವುದಿಲ್ಲ. ದಿನದ ಇಪ್ಪತ್ನಾಲ್ಕು ತಾಸು ನರಶಸ್ತ್ರಚಿಕಿತ್ಸೆ ಇರಬೇಕಾದರೆ ಒಬ್ಬ ಸರ್ಜನ್ ಸಾಲದು. ಪಾಳಿ, ರಜೆ ಲೆಕ್ಕ ಹಾಕಿದರೆ ಕನಿಷ್ಠ ಮೂರ್ನಾಲ್ಕು ಜನ ಬೇಕು. ಅಷ್ಟೇ ಅರಿವಳಿಕೆ ತಜ್ಞರು, ರಾತ್ರಿಯೂ ನಡೆಯುವ ಸಿಟಿ ಸ್ಕ್ಯಾನ್, ರಕ್ತನಿಧಿ, ತರಬೇತಾದ ಐಸಿಯು ನರ್ಸುಗಳು ಬೇಕು. ಈ ಹುದ್ದೆಗಳನ್ನು ಮಂಜೂರು ಮಾಡಬೇಕಾದ್ದು ಬೆಂಗಳೂರಿನ ಹಣಕಾಸು ಇಲಾಖೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಅದರಲ್ಲಿ ಸಂಬಳ ಕೊಡುವಂತಿಲ್ಲ. "ನನ್ನ ನಿಧಿಯಿಂದ ಆಸ್ಪತ್ರೆ" ಎಂದು ಯಾರಾದರೂ ಅಂದರೆ ಡಾಕ್ಟರ ಸಂಬಳ ಯಾವ ಲೆಕ್ಕದಿಂದ ಎಂದು ಕೇಳಿ. ಕಟ್ಟಡ ಮೊದಲು, ಹುದ್ದೆ ಆಮೇಲೆ ಅಂದಲ್ಲೆಲ್ಲ ಯಂತ್ರಗಳು ಪ್ಲಾಸ್ಟಿಕ್ ಹೊದಿಕೆಯೊಳಗೇ ಹಳತಾಗುತ್ತವೆ.

ಸಭ್ಯವಾಗಿ ಮಾತಾಡಿದವರು ಏನು ಕಡಿದು ಕಟ್ಟೆ ಹಾಕಿದರು ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆಯೇ. ಏನೂ ಮಾಡದ ಸಭ್ಯರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಈ ಕ್ಷೇತ್ರಕ್ಕೆ ಗುಡುಗುವ ಭಾಷಣ ಹೊಸದಲ್ಲ. 1996ರಿಂದ 2019ರವರೆಗೆ ಅನಂತಕುಮಾರ ಹೆಗಡೆಯವರನ್ನು ಲೋಕಸಭೆಗೆ ಆರು ಸಲ ಗೆಲ್ಲಿಸಿದ್ದೇವೆ. ನಡುವೆ 1999ರಲ್ಲಿ ಮಾರ್ಗರೆಟ್ ಆಳ್ವಾ ಬಂದರು, 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಬಂದರು. ತೊಂಬತ್ತರ ದಶಕದ ಹುಬ್ಬಳ್ಳಿ-ಅಂಕೋಲಾ ರೈಲು ಮಾತ್ರ ಬರಲಿಲ್ಲ. ಅದು ಸಿಕ್ಕಿಹಾಕಿಕೊಂಡದ್ದು ಅರಣ್ಯ, ವನ್ಯಜೀವಿ ಅನುಮತಿಗಳಲ್ಲಿ ಮತ್ತು ಕೋರ್ಟಿನಲ್ಲಿ. ಅಲ್ಲಿ ಗಟ್ಟಿ ದನಿಗೂ ಮೆಲುದನಿಗೂ ಒಂದೇ ಬೆಲೆ, ಕಾಗದಕ್ಕೆ ಮಾತ್ರ ಬೇರೆ ಬೆಲೆ.

ವ್ಯವಸ್ಥೆಯನ್ನು ಎದುರು ಹಾಕಿಕೊಳ್ಳುವವರೇ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಈ ಜಿಲ್ಲೆ 1967ರಲ್ಲಿ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿತ್ತು. ಅವರಿಗಿಂತ ದೊಡ್ಡ ತಕರಾರುದಾರ ಯಾರಿದ್ದರು? ಗೇಣಿ ರೈತರನ್ನು ಕಟ್ಟಿದ್ದಕ್ಕೆ ಬ್ರಿಟಿಷರು 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದರು. ಮತ ಕೇಳಲು ಬರುವ ಹೊತ್ತಿಗೆ ಅವರ ಬೆನ್ನಿಗೆ ಕಾಲು ಶತಮಾನದ ಕೆಲಸ ಇತ್ತು. ಈಗಿನವರನ್ನೂ ಅದೇ ಅಳತೆಯಲ್ಲಿ ಅಳೆಯೋಣ. ಚುನಾವಣೆಗೆ ಮೊದಲು ಎಷ್ಟು ಅರ್ಜಿ ಬರೆದುಕೊಟ್ಟಿದ್ದೀರಿ, ಎಷ್ಟು ಮೇಲ್ಮನವಿ ಹಾಕಿಸಿದ್ದೀರಿ, ತೋರಿಸಿ.

ಇನ್ನು ನೋಟಾ ಒತ್ತುತ್ತೇವೆ ಎನ್ನುವವರಿಗೆ ಒಂದೇ ಮಾತು. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಆ ಗುಂಡಿಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಲೋಕಸಭೆ, ವಿಧಾನಸಭೆಯಲ್ಲಿ ಅದರ ನಂತರದ ಅಭ್ಯರ್ಥಿಯೇ ಗೆಲ್ಲುತ್ತಾನೆ. ಠೇವಣಿಯ ಲೆಕ್ಕಕ್ಕೂ ಅದು ಬರುವುದಿಲ್ಲ.

ಆ ವಿಡಿಯೊ ಹಂಚಿಕೊಂಡವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಉಪವಿಭಾಗ ಸಮಿತಿಯ ತಿರಸ್ಕಾರದ ನೋಟಿಸು ಇದೆ. ಇವತ್ತೇ ಅದನ್ನು ತೆಗೆದು ದಿನಾಂಕ ನೋಡಿ. ಜಿಲ್ಲಾ ಸಮಿತಿಗೆ ಮೇಲ್ಮನವಿ ಸಲ್ಲಿಸಲು 60 ದಿನ ಸಮಯವಿದೆ. ನೋಟಿಸಿನಲ್ಲಿ ಕಾರಣ ಬರೆಯದೆ ಬರೀ "ತಿರಸ್ಕರಿಸಲಾಗಿದೆ" ಎಂದಿದ್ದರೆ ಅದನ್ನೇ ಮೇಲ್ಮನವಿಯ ಮೊದಲ ಅಂಶವಾಗಿ ಬರೆಯಿರಿ, ಊರಿನ ಇಬ್ಬರು ಹಿರಿಯರ ಲಿಖಿತ ಹೇಳಿಕೆ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ. ಮತ ಕೇಳಲು ಬಂದವರನ್ನು ಬೇಕಾದರೆ ಅದೇ ದಿನ ಜೊತೆಗೆ ಕರೆದುಕೊಂಡು ಹೋಗಿ.