ದಯವಿಟ್ಟು ಪೇಪರ್ ಅವಲಕ್ಕಿಯನ್ನು ಕರಿಯಬೇಡಿ

ನಿನ್ನೆ ಪಕ್ಕದ ಬೀದಿಯಲ್ಲಿ ಒಂದು ಮಗುವಿನ ಹುಟ್ಟುಹಬ್ಬ. ಕೇಕ್ ಜೊತೆ ಕರಿದ ಅವಲಕ್ಕಿ ಮಿಕ್ಸ್ಚರ್ ಕೊಟ್ಟರು. ಬೆರಳೆಲ್ಲ ಎಣ್ಣೆ. ಸಿಹಿಯ ಸುಳಿವೇ ಇಲ್ಲ. ನನಗೆ ನಿಜವಾಗಲೂ ಬೇಜಾರಾಯಿತು.

ಅವಲಕ್ಕಿ ಆಗಲೇ ಬೆಂದ ಪದಾರ್ಥ ಕಣ್ರೀ. ಭತ್ತ ನೆನೆಸಿ, ಹುರಿದು, ಬಿಸಿ ಇರುವಾಗಲೇ ಒತ್ತಿ ತೆಳ್ಳಗೆ ಮಾಡಿರುತ್ತಾರೆ. ಮತ್ತೆ ಎಣ್ಣೆಗೆ ಯಾಕೆ ಹಾಕಬೇಕು? ಪೇಪರ್ ಅವಲಕ್ಕಿಗೆ ಒಂದು ಒಳ್ಳೆ ಬಿಸಿಲು ಸಾಕು. ಮಳೆಗಾಲವಾದರೆ ಬಾಣಲೆಯಲ್ಲಿ ಸಣ್ಣ ಉರಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಅಷ್ಟೇ.

ಆಮೇಲೆ ಒಗ್ಗರಣೆ. ಅರ್ಧ ಕೆಜಿಗೆ ನಾಲ್ಕೈದು ದೊಡ್ಡ ಚಮಚ ಎಣ್ಣೆ. ಸಾಸಿವೆ, ಕಡಲೆಬೀಜ, ಅದು ಕೆಂಪಗಾದ ಮೇಲೆ ಹುರಿಗಡಲೆ, ಕೊಬ್ಬರಿ ಚೂರು, ಒಣಮೆಣಸು, ಕರಿಬೇವು, ಇಂಗು, ಅರಿಶಿನ. ಕರಿಬೇವು ಗರಿಗರಿಯಾಗಲೇಬೇಕು. ಅದರಲ್ಲಿ ನೀರು ಉಳಿದರೆ ಇಡೀ ಡಬ್ಬಿ ಮೆತ್ತಗಾಗುತ್ತದೆ. ಒಲೆ ಆರಿಸಿ ಉಪ್ಪನ್ನು ಆ ಎಣ್ಣೆಗೇ ಹಾಕಿ, ಎಲ್ಲ ಕಡೆ ಹತ್ತುತ್ತದೆ. ಸಕ್ಕರೆ ಮಾತ್ರ ಒಗ್ಗರಣೆ ಆರಿದ ಮೇಲೆ, ಅದೂ ಪುಡಿ ಮಾಡಿ. ಹರಳು ಹರಳಾಗಿ ಹಾಕಿದರೆ ತಳ ಸೇರುತ್ತದೆ.

ಆ ಸಿಹಿ ಬಿಡಬೇಡಿ. ಕರಾವಳಿಯವರು ತೆಂಗಿನತುರಿ, ಬೆಲ್ಲ, ಉಪ್ಪು, ಖಾರದ ಪುಡಿ ಕಿವುಚಿ ತೆಳು ಅವಲಕ್ಕಿ ಕಲಸುತ್ತಾರೆ. ಒಲೆಯೇ ಬೇಡ! ಧಾರವಾಡದ ಕಡೆ ಹಚ್ಚಿದ ಅವಲಕ್ಕಿಗೆ ಮೆಂತ್ಯದ ಹಿಟ್ಟು, ಖಾರ, ಹಸಿ ಎಣ್ಣೆ, ಜೊತೆಗೆ ಚೂರು ಸಕ್ಕರೆ. ಉಪ್ಪು ಖಾರದ ನಡುವೆ ಸಿಹಿ ಸಿಕ್ಕಿದರೇ ಕೈ ಮತ್ತೆ ತಟ್ಟೆಗೆ ಹೋಗುವುದು.

ಕರಿದರೆ ಜಾಸ್ತಿ ದಿನ ಇಡಬಹುದು ಅನ್ನುತ್ತಾರೆ. ಒಪ್ಪುವುದಿಲ್ಲ. ಬೇಗ ಕಮಟಾಗುವುದು ಎಣ್ಣೆ ಕುಡಿದದ್ದೇ. ಕರಿಯಲೇಬೇಕಾದದ್ದು ಮೆಕ್ಕೆಜೋಳದ ಅವಲಕ್ಕಿ, ಅದು ಗಟ್ಟಿ. ಹಾಲಿಗೆ ಹಾಕುವ ಕಾರ್ನ್‌ಫ್ಲೇಕ್ಸ್ ಬೇರೆ, ಅದು ಗರಿಗರಿಯಾಗೇ ಬಂದಿರುತ್ತದೆ. ಅದಕ್ಕೂ ಇದೇ ಒಗ್ಗರಣೆ ಸಾಕು.

ಇಷ್ಟು ಹಟ ಯಾಕೆ ಅಂದರೆ, ನಮ್ಮ ಅಪ್ಪನಿಗೆ ಕರಿದದ್ದು ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಪಾರ್ಟಿಯಲ್ಲಿ ಎಲ್ಲರೂ ತಿನ್ನುವಾಗ ಅಪ್ಪ ಬರೀ ನೀರು ಕುಡಿದು ಕೂತಿರುತ್ತಾರೆ. ನೋಡೋಕಾಗಲ್ಲ. ಒಂದು ಬಟ್ಟಲು ಒಗ್ಗರಣೆ ಅವಲಕ್ಕಿ ಇದ್ದರೆ ಅವರೂ ಎಲ್ಲರ ಜೊತೆ ಒಂದು ಹಿಡಿ ತಿನ್ನಬಹುದು ಅಲ್ವಾ? ನಿಮ್ಮ ಮನೆಯಲ್ಲಿ ಪಾರ್ಟಿ ಇದ್ದರೆ ಹಿಂದಿನ ದಿನ ಹೇಳಿ, ನಾನೇ ಮಾಡಿ ತರುತ್ತೇನೆ.