ಪ್ರಾಗ್‌ನಲ್ಲಿ ಪುಕ್ಕಟೆ ಸಿಕ್ಕ ಒಂದು ಗಂಟೆ

ಅಕ್ಟೋಬರ್ ಕೊನೆಯ ವಾರ ಒಬ್ಬಳೇ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗಿದ್ದೆ. ಒಬ್ಬರೇ ಹೋದರೆ ಒಂದು ಅನುಕೂಲ, ಪೆದ್ದುತನ ಮಾಡಿದರೂ ಆಡಿಕೊಳ್ಳುವವರು ಇರುವುದಿಲ್ಲ. ಈಗ ನಾನೇ ಊರಿಗೆಲ್ಲಾ ಹೇಳುತ್ತಿದ್ದೇನೆ, ಅದು ಬೇರೆ ಮಾತು.

ಶನಿವಾರ ರಾತ್ರಿ ಫೋನ್ ಚಾರ್ಜಿಗೆ ಹಾಕಲು ಹೋದೆ. ಗೋಡೆಯ ಸಾಕೆಟ್ ಪಕ್ಕ ಸ್ವಿಚ್ಚೇ ಇಲ್ಲ. ನಮಗೋ, ಸ್ವಿಚ್ ಒತ್ತದೆ ಕರೆಂಟ್ ಬರುತ್ತದೆ ಅಂದರೆ ನಂಬಿಕೆ ಬರುವುದಿಲ್ಲ. ಹುಡುಕಿದಾಗ ಮಂಚದ ಪಕ್ಕದ ದೀಪದ ಬುಡದಲ್ಲಿ ಒಂದು ಸಾಕೆಟ್ ಕಂಡಿತು, ಸ್ವಿಚ್ ಸಮೇತ! ಖುಷಿಯಿಂದ ಚಾರ್ಜರ್ ಸಿಕ್ಕಿಸಿ, ದೀಪ ಆರಿಸಿ ಮಲಗಿದೆ. ದೀಪದ ಜೊತೆ ಚಾರ್ಜೂ ನಿಂತಿತು. ಬೆಳಿಗ್ಗೆ ಫೋನ್ ತಣ್ಣಗೆ ಬಿದ್ದಿತ್ತು.

ಪುಣ್ಯಕ್ಕೆ ಕೈಯಲ್ಲಿ ಅಪ್ಪನ ಹಳೇ ಕೀ ಕೊಡುವ ವಾಚಿತ್ತು. ಅದರ ಏಳೂವರೆಗೆ ಚಾರ್ಲ್ಸ್ ಸೇತುವೆ ಮೇಲಿದ್ದೆ. ಅರ್ಧ ಕಿಲೋಮೀಟರ್ ಉದ್ದದ ಸೇತುವೆ, ಎರಡೂ ಕಡೆ ಸೇರಿ 30 ವಿಗ್ರಹಗಳು, ಕೆಳಗೆ ಮಂಜು ಹೊದ್ದ ವ್ಲ್ತಾವಾ ನದಿ. ಹಿಂದಿನ ದಿನ ಕಾಲಿಡಲು ಜಾಗವಿರಲಿಲ್ಲ. ಇವತ್ತು ನರಪಿಳ್ಳೆ ಇಲ್ಲ. 1393ರಲ್ಲಿ ರಾಜ ನದಿಗೆ ತಳ್ಳಿಸಿದ ಸಂತ ನೆಪೊಮುಕ್‌ನ ವಿಗ್ರಹದ ಕೆಳಗೊಂದು ಫಲಕವಿದೆ. ಮುಟ್ಟಿದರೆ ಅದೃಷ್ಟವಂತೆ. ಜನ ಸವರಿ ಸವರಿ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ತಂಬಿಗೆ ಹಾಗೆ ಹೊಳೆಯುತ್ತಿತ್ತು. ಹೇಗೂ ಕ್ಯೂ ಇಲ್ಲ, ನಾಲ್ಕು ಸಲ ಸವರಿದೆ. ಏಳೂಮುಕ್ಕಾಲಿಗೆ ಸೂರ್ಯ ಬಂದ, ನಿನ್ನೆ ಬಂದ ಹೊತ್ತಿಗೇ. ಅಪ್ಪನ ವಾಚು ಅಂದರೆ ವಾಚು!

ಹತ್ತಕ್ಕೆ ಹಳೇ ಪೇಟೆಯ ಖಗೋಳ ಗಡಿಯಾರದ ಕೆಳಗೆ ಗೈಡ್ ಜೊತೆ ಸುತ್ತಾಟವಿತ್ತು. ಹೋದರೆ ಗೈಡೂ ಇಲ್ಲ, ಗುಂಪೂ ಇಲ್ಲ. ಯುರೋಪಿನವರು ಟೈಮ್ ಅಂದರೆ ಟೈಮ್ ಅಂತಾರಲ್ಲ, ಇದೇನಾ?

ಅಷ್ಟರಲ್ಲಿ ಗಡಿಯಾರದ ಪಕ್ಕದ ಅಸ್ಥಿಪಂಜರದ ಗೊಂಬೆ ಹಗ್ಗ ಜಗ್ಗಿತು. ಮೇಲಿನ ಕಿಟಕಿಗಳಲ್ಲಿ ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಇಣುಕಿ ಹೋದರು. ಕೋಳಿ ಕೂಗಿತು. ಗಂಟೆ ಹೊಡೆಯಿತು. ಎಣಿಸಿದೆ, ಒಂಬತ್ತೇ.

ಪಾಪ, 1410ರ ಯಂತ್ರ. ಒಂದು ಏಟು ತಪ್ಪಿರಬೇಕು ಅಂದುಕೊಂಡೆ. ಅದರ ಮುಖ ನೋಡಿದರೆ ಅನುಮಾನ ಇನ್ನೂ ಜಾಸ್ತಿಯಾಯಿತು. ಹೊರಗಿನ ಉಂಗುರದಲ್ಲಿ ಸೂರ್ಯ ಮುಳುಗಿದಾಗಿನಿಂದ ಎಣಿಸುವ ಹಳೇ ಬೊಹೀಮಿಯಾದ, ಅಂದರೆ ಈ ಚೆಕ್ ನಾಡಿನ, ಲೆಕ್ಕ. ಒಳಗೆ ರಾಶಿಚಕ್ರ. ಅದರಲ್ಲಿ ಸೂರ್ಯ ಆಗಲೇ ವೃಶ್ಚಿಕಕ್ಕೆ ಹೋಗಿ ಕೂತಿದ್ದಾನೆ. ನಮ್ಮ ಪಂಚಾಂಗದಲ್ಲಿ ಇನ್ನೂ ತುಲಾ. ರಾಶಿಯೇ ಹೊಂದದ ಗಡಿಯಾರದ ಗಂಟೆಯನ್ನು ನಂಬೋದು ಹೇಗೆ? ನನ್ನ ಕಡೆ ಸಾಕ್ಷಾತ್ ಸೂರ್ಯನೇ ಸಾಕ್ಷಿ ಇದ್ದ.

ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತ ಮೇಲೆ ಗೈಡ್ ಹುಡುಗಿ ಕೊಡೆ ಹಿಡಿದು ಬಂದಳು. ವಾಚ್ ತೋರಿಸಿ, ಲೇಟಲ್ವಾ ಅಂದೆ. ಅವಳು ನಕ್ಕಳು. ಬೇಸಿಗೆಗೆ ಅಂತ ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಇಲ್ಲಿ ಚಳಿಗಾಲಕ್ಕೆ ಹಿಂದಿಡುತ್ತಾರಂತೆ, ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಮೂರು ಗಂಟೆಯನ್ನು ಮತ್ತೆ ಎರಡು ಮಾಡುತ್ತಾರಂತೆ. ಊರಿಗೆ ಊರೇ ಒಂದು ಗಂಟೆ ಜಾಸ್ತಿ ಮಲಗಿತ್ತು.

ಮಧ್ಯಾಹ್ನ ಕೆಫೆಯಲ್ಲಿ ಫೋನಿಗೆ ಜೀವ ಬಂದ ತಕ್ಷಣ ಅಮ್ಮನ ಕರೆ.

“ಹನ್ನೆರಡೂವರೆಯಿಂದ ಮಾಡ್ತಾನೇ ಇದೀನಿ ಕಣೇ, ಎಲ್ಲಿ ಹಾಳಾಗಿ ಹೋಗಿದ್ದೆ?”

ಎಲ್ಲಾ ವಿವರಿಸಿದೆ. ಇನ್ನು ಮೇಲೆ ಮೂರೂವರೆ ಅಲ್ಲ, ನಾಲ್ಕೂವರೆ ಗಂಟೆ ವ್ಯತ್ಯಾಸ ಅಂತಲೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

“ಅಂದ್ರೆ ನಿಂಗೆ ಒಂದು ಗಂಟೆ ಪುಕ್ಕಟೆ ಸಿಕ್ತು ಅನ್ನು. ಏನು ಮಾಡಿದೆ?”

“ನಿಂತಿದ್ದೆ ಅಮ್ಮ.”