ಯಾವ ಸ್ವಿಚ್ಚಿಗೆ ಯಾವ ಬಲ್ಬು

ತೀರ್ಥಹಳ್ಳಿ, ಹೊಸನಗರ ಕಡೆಯ ಹಳೇ ತೊಟ್ಟಿಮನೆಗಳ ಜಗಲಿ ಗೋಡೆಯಲ್ಲಿ ಮರದ ಸ್ವಿಚ್ ಬೋರ್ಡ್ ಒಂದಿರುತ್ತದೆ. ಹನ್ನೆರಡು ಸ್ವಿಚ್ಚು, ಕೆಲಸ ಮಾಡುವುದು ಏಳು. ಯಾವುದು ಯಾವುದಕ್ಕೆ ಎಂದು ಗೊತ್ತಿರುವುದು ಅಜ್ಜ ಒಬ್ಬರಿಗೆ. ಅವರಿಗೂ ಅದು ಗೊತ್ತಿರುವುದು ಬಾಯಿಗಲ್ಲ, ಕೈಗೆ. ಬಚ್ಚಲಿಗೆ ಬೆಳಕು ಮಾಡಿಕೊಳ್ಳಲು ಹೋದ ನೆಂಟ ಕೊಟ್ಟಿಗೆಯ ಎಮ್ಮೆಯನ್ನು ಎಬ್ಬಿಸುತ್ತಾನೆ, ಅಂಗಳದ ಟ್ಯೂಬ್‌ಲೈಟ್ ಹತ್ತಿ ನಾಯಿ ಬೊಗಳುತ್ತದೆ, ಬಚ್ಚಲು ಮಾತ್ರ ಕತ್ತಲೆ. ಹಳೇ ನಾಸ್ ಡಬ್ಬಿಗೆ, ಅಂದರೆ ಮನೆಯ ಫೈಲುಗಳನ್ನು ನೆಟ್‌ವರ್ಕಿನಲ್ಲಿ ಹಂಚುವ ಪೆಟ್ಟಿಗೆಗೆ, ಹೊಸ ಲಿನಕ್ಸ್ ಕರ್ನೆಲ್ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಹಾಕಲು ಕೂತವನ ಪಾಡೂ ಇದೇ. ಅಜ್ಜ ಇಲ್ಲ. ಬೋರ್ಡ್ ಇದೆ.

ಡಬ್ಬಿ ಎಂದರೆ ಎರಡು ಹಾರ್ಡ್‌ಡಿಸ್ಕ್ ಹಿಡಿಸುವ, ಹಿಂದೊಂದು ಫ್ಯಾನ್, ಒಂದು ಲ್ಯಾನ್ ಕಿಂಡಿ, 12 ವೋಲ್ಟಿನ ಅಡಾಪ್ಟರ್ ಇರುವ ಆ ಕಪ್ಪು ಪೆಟ್ಟಿಗೆ. ಹತ್ತು ಹದಿನೈದು ವರ್ಷ ಹಿಂದೆ ಮನೆಯ ಮದುವೆ, ಉಪನಯನಗಳ ಫೋಟೋ ತುಂಬಿಸಿ ಅಟ್ಟದ ಮೆಟ್ಟಿಲ ಕೆಳಗೆ ಇಟ್ಟದ್ದು. ಆ ಕಾಲದ ಇಂಥ ಎಷ್ಟೋ ಡಬ್ಬಿಗಳ ಹೊಟ್ಟೆಯಲ್ಲಿರುವುದು ಮಾರ್ವೆಲ್ ಕಂಪನಿಯ ಕರ್ಕ್‌ವುಡ್ ಚಿಪ್. ಆರ್ಮ್ ವಿ5 ಜಾತಿಯ ಪ್ರೊಸೆಸರ್, ವೇಗ 1.2 ಗಿಗಾಹರ್ಟ್ಸ್ ಆಸುಪಾಸು, ಮೆಮೊರಿ 128 ಅಥವಾ 256 ಎಂಬಿ. ಒಳಗಿನ ಕರ್ನೆಲ್ ಹೆಚ್ಚಾಗಿ ಆ ಕಾಲದ್ದೇ, 2.6 ಸರಣಿಯದು. ಅದರ ಮೇಲೆ ಕೂತಿರುವ ಫೈಲ್ ಹಂಚಿಕೆಯ ತಂತ್ರಾಂಶ ಎಸ್‌ಎಂಬಿಯ ಮೊದಲ ಆವೃತ್ತಿ ಬಿಟ್ಟು ಬೇರೆ ಭಾಷೆ ಅರಿಯದು. 2017ರ ಕೊನೆಯಿಂದ ವಿಂಡೋಸ್ 10 ಆ ಭಾಷೆಯನ್ನು ತಾನಾಗಿ ಹಾಕಿಕೊಳ್ಳುವುದನ್ನೇ ನಿಲ್ಲಿಸಿತು. ಹಾಗಾಗಿ ಬೆಂಗಳೂರಿಂದ ಹೊಸ ಲ್ಯಾಪ್‌ಟಾಪ್ ಹಿಡಿದು ಬಂದ ಮೊಮ್ಮಗನಿಗೆ ಡಬ್ಬಿ ಕಾಣುವುದಿಲ್ಲ. ಡಬ್ಬಿ ಮಾತ್ರ ಹಸಿರು ದೀಪ ಹಚ್ಚಿಕೊಂಡು ಸುಖವಾಗಿರುತ್ತದೆ.

ಡಿಸ್ಕನ್ನೇ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಬಾರದೇ ಎಂದು ಬುದ್ಧಿವಂತರು ಕೇಳುತ್ತಾರೆ. ಬಹುಪಾಲು ಡಬ್ಬಿಗಳಲ್ಲಿ ಅದು ಸಾಕು, ಈ ಲೇಖನವೂ ಬೇಡ. ಆದರೆ ಕೆಲವು ಡಬ್ಬಿಗಳು ಡಿಸ್ಕನ್ನು 64 ಕೆಬಿಯ ಬ್ಲಾಕುಗಳಲ್ಲಿ ಫಾರ್ಮ್ಯಾಟ್ ಮಾಡಿಕೊಂಡಿರುತ್ತವೆ. ಮೆಮೊರಿಯನ್ನು 4 ಕೆಬಿಯ ಪುಟಗಳಲ್ಲಿ ಎಣಿಸುವ ಮಾಮೂಲಿ ಪೀಸಿ ಅದನ್ನು ಮೌಂಟ್ ಮಾಡದೆ ಮುಖ ತಿರುಗಿಸುವುದೇ ಹೆಚ್ಚು. ಅಲ್ಲದೆ, ರಿಪೇರಿ ಬೇಕಿಲ್ಲದ್ದನ್ನು ರಿಪೇರಿ ಮಾಡುವ ಚಟಕ್ಕೆ ಆಷಾಢದ ಮಳೆಗಿಂತ ಒಳ್ಳೆಯ ನೆಪ ಎಲ್ಲಿದೆ?

ಡ್ರೈವರ್, ಅಂದರೆ ಒಂದೊಂದು ಬಿಡಿಭಾಗವನ್ನು ನಡೆಸುವ ಕೋಡ್, ಬರೆಯಬೇಕಲ್ಲ ಎಂದು ಹೆದರುವವರು ಬಹಳ. ಬರೆಯಬೇಕಾಗಿಲ್ಲ. ಡಿಸ್ಕ್ ಸಿಕ್ಕಿಸುವ ಸಾಟಾಗೆ, ಲ್ಯಾನಿಗೆ, ಗಡಿಯಾರಕ್ಕೆ, ಫ್ಯಾನಿಗೆ ಡ್ರೈವರುಗಳು ಮುಖ್ಯ ಕರ್ನೆಲ್‌ನಲ್ಲಿ ಎಂದೋ ಸೇರಿವೆ. ಇಲ್ಲದ್ದು ಆ ಸ್ವಿಚ್ ಬೋರ್ಡಿನ ಪಟ್ಟಿ. ಮೊದಲೆಲ್ಲ ಪ್ರತಿ ಬೋರ್ಡಿಗೂ ಒಂದೊಂದು ಸಿ ಫೈಲ್ ಇತ್ತು. 2011ರಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಆರ್ಮ್ ಗುಂಪಿನ ಈ ಅಸ್ತವ್ಯಸ್ತ ನೋಡಿ ರೇಗಿದ ಮೇಲೆ ಕೆಲಸ ಚುರುಕಾಯಿತು. ಬೋರ್ಡಿನ ವಿವರವೆಲ್ಲ ಡಿವೈಸ್ ಟ್ರೀ ಎಂಬ ಪ್ರತ್ಯೇಕ ಪಟ್ಟಿಗೆ ಹೋಯಿತು. ಪಟ್ಟಿ ಸರಿಯಿದ್ದರೆ ಕರ್ನೆಲ್ ಸರಿ. ಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಎಮ್ಮೆ ಏಳುತ್ತದೆ.

ಮೊದಲ ಕೆಲಸ ಮುಚ್ಚಳ ತೆಗೆದು, ಡಬ್ಬಿಯ ಜೊತೆ ಲ್ಯಾಪ್‌ಟಾಪಿನಿಂದ ಮಾತಾಡಲು ಬೇಕಾದ ಸೀರಿಯಲ್ ಪಿನ್ನು ಹುಡುಕುವುದು. ಬೋರ್ಡಿನ ಮೂಲೆಯಲ್ಲಿ ನಾಲ್ಕು ಪಿನ್ನು ಅಥವಾ ನಾಲ್ಕು ಖಾಲಿ ತೂತು ಸಾಲಾಗಿರುತ್ತವೆ. ಮಲ್ಟಿಮೀಟರಿನ ಒಂದು ಕಡ್ಡಿ ಲ್ಯಾನ್ ಕಿಂಡಿಯ ಲೋಹದ ಕವಚಕ್ಕೆ ಇಟ್ಟು ಬೀಪ್ ಬಂದ ಪಿನ್ನೇ ಗ್ರೌಂಡ್. ಕರೆಂಟ್ ಕೊಟ್ಟಾಗ 3.3 ವೋಲ್ಟಿನಲ್ಲಿ ಅಲ್ಲಾಡದೆ ನಿಲ್ಲುವುದು ವಿದ್ಯುತ್ ಪಿನ್ನು. ಡಬ್ಬಿ ಏಳುವ ಹೊತ್ತಿಗೆ ಓಲಾಡುವುದು ಟಿಎಕ್ಸ್, ಡಬ್ಬಿ ಮಾತಾಡುವ ಪಿನ್ನು. ಉಳಿದದ್ದು ಆರ್‌ಎಕ್ಸ್, ಕೇಳಿಸಿಕೊಳ್ಳುವ ಪಿನ್ನು. ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ ಜಂಪರ್ 3.3ರಲ್ಲಿರಲಿ, 5ರಲ್ಲಿ ಬೇಡ. ಅದರ ಟಿಎಕ್ಸ್ ಇದರ ಆರ್‌ಎಕ್ಸಿಗೆ, ಇದರದ್ದು ಅದಕ್ಕೆ, ಗ್ರೌಂಡಿಗೆ ಗ್ರೌಂಡ್. ವಿದ್ಯುತ್ ಪಿನ್ನಿಗೆ ಏನನ್ನೂ ಕೊಡಬಾರದು. ನಾಲ್ಕು ಪಿನ್ನಿದೆ, ನಾಲ್ಕು ವೈರಿದೆ ಎಂದು ಲೆಕ್ಕ ಸರಿದೂಗಿಸಲು ಹೋದವರ ಡಬ್ಬಿಗಳು ಈಗ ಹೂವಿನ ಕುಂಡಕ್ಕೆ ಸ್ಟ್ಯಾಂಡಾಗಿವೆ. ಸೀರಿಯಲ್ ವೇಗ ಸೆಕೆಂಡಿಗೆ 115200 ಬಿಟ್.

ಮಲೆನಾಡಿನಲ್ಲಿ ಮುಚ್ಚಳ ತೆಗೆದರೆ ಪಿನ್ನಿಗಿಂತ ಮೊದಲು ಕಾಣುವುದು ಕಿಲುಬು. ಮೂರು ಮಳೆಗಾಲ ಕಂಡ ತಾಮ್ರ ಹಸಿರು ಬಣ್ಣಕ್ಕೆ ತಿರುಗಿರುತ್ತದೆ, ಜೊತೆಗೊಂದು ಒಣಗಿದ ಹಲ್ಲಿ. ಒಳಗಿನಿಂದ ಅಮ್ಮ ಹುಣಸೆಹಣ್ಣಿನ ಉಂಡೆ ಹಿಡಿದೇ ಬರುತ್ತಾರೆ: "ತಾಮ್ರದ ಹಂಡೆ ಎಷ್ಟು ಲಕಲಕ ಆಗ್ತದೆ ನೋಡು, ಇದ್ಯಾವ ಲೆಕ್ಕ?" ಹುಣಸೆಯ ಹುಳಿ ಕಿಲುಬನ್ನು ತೆಗೆಯುತ್ತದೆ ನಿಜ, ಹಂಡೆಯನ್ನಾದರೆ ಆಮೇಲೆ ತೊಳೆಯಬಹುದು. ಬೋರ್ಡಿನ ಚಿಪ್ಪುಗಳ ಅಡಿ ಉಳಿದ ಹುಳಿ ಮುಂದಿನ ವರ್ಷಕ್ಕೆ ಗೆರೆಗಳನ್ನೇ ತಿಂದಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಒಂದು ದಿನ ಒಣಗಲು ಬಿಡುವುದು. ಪುನರ್ವಸು ಮಳೆಯಲ್ಲಿ ಒಂದು ದಿನ ಒಣಗುವುದು ಎಂದರೆ ಬಚ್ಚಲ ಒಲೆಯ ಹತ್ತಿರದ ಗೂಡು. ಹೊಗೆ ತಾಗದಷ್ಟು ದೂರ.

ಇನ್ನು ಕರ್ನೆಲ್ ಕಟ್ಟುವುದು. ಲ್ಯಾಪ್‌ಟಾಪಿನಲ್ಲಿ ಆರ್ಮ್ ಚಿಪ್ಪಿಗೆ ಕೋಡ್ ಕಟ್ಟಿಕೊಡುವ ಕ್ರಾಸ್ ಕಂಪೈಲರ್ ಹಾಕಿಕೊಂಡು, ಈ ಜಾತಿಯ ಚಿಪ್ಪುಗಳ ಸಿದ್ಧ ಆಯ್ಕೆಗಳ ಕಟ್ಟಾದ ಎಂವಿಇಬಿಯು ವಿ5 ಡೆಫ್‌ಕಾನ್ಫಿಗ್‌ನಿಂದ ಶುರು ಮಾಡಿದರೆ ಮುಕ್ಕಾಲು ದಾರಿ ಸಾಗಿದಂತೆ. ಸಾಟಾ ಡ್ರೈವರ್ ಮತ್ತು ಡಿಸ್ಕಿನ ಫೈಲ್ ವ್ಯವಸ್ಥೆಯಾದ ಎಕ್ಸ್ಟ್4 ಎರಡನ್ನೂ ಮಾಡ್ಯೂಲ್ (ಬೇಕಾದಾಗ ತುಂಬಿಕೊಳ್ಳುವ ಬಿಡಿ ಫೈಲ್) ಮಾಡದೆ ಕರ್ನೆಲ್ಲಿನೊಳಗೇ ಸೇರಿಸಿ. ಕರ್ನೆಲ್ಲಿನ ಜೊತೆಗೇ ಮೆಮೊರಿಗೆ ಬರುವ ಪುಟ್ಟ ಫೈಲ್ ಗಂಟು ಇನಿಟ್‌ರಾಮ್‌ಎಫ್‌ಎಸ್ ಇಲ್ಲದಿದ್ದರೆ ಡಿಸ್ಕ್ ತೆರೆಯುವ ಮಾಡ್ಯೂಲ್ ಡಿಸ್ಕಿನ ಮೇಲೇ ಇರುತ್ತದೆ, ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಬೂಟ್ ಸಾಲಿನಲ್ಲಿ, ಅಂದರೆ ಏಳುವಾಗ ಕರ್ನೆಲ್ಲಿಗೆ ಕೊಡುವ ಸೂಚನೆಯಲ್ಲಿ, 'ರೂಟ್‌ವೇಟ್' ಬರೆಯಲು ಮರೆಯಬೇಡಿ. ಡಿಸ್ಕ್ ಸುತ್ತಲು ಹತ್ತು ಸೆಕೆಂಡ್ ಬೇಕಾದೀತು, ಕರ್ನೆಲ್ಲಿಗೆ ಅಷ್ಟು ತಾಳ್ಮೆ ಇಲ್ಲ.

ಡಬ್ಬಿಗೆ ಕರೆಂಟ್ ಬಂದೊಡನೆ ಎದ್ದು ಕರ್ನೆಲ್ಲನ್ನು ಎಬ್ಬಿಸುವ ಹಳೇ ಯು-ಬೂಟಿಗೆ ಡಿವೈಸ್ ಟ್ರೀ ಎಂಬುದರ ಗಾಳಿಗಂಧವೂ ಗೊತ್ತಿಲ್ಲ. ಅದಕ್ಕೇ ಕರ್ನೆಲ್ ಫೈಲಿನ ಬಾಲಕ್ಕೆ ಪಟ್ಟಿಯನ್ನು ಅಂಟಿಸಬೇಕು. 'ಕ್ಯಾಟ್' ಆಜ್ಞೆಯಿಂದ ಎರಡನ್ನೂ ಒಂದರ ಹಿಂದೆ ಒಂದು ಸೇರಿಸಿದರೆ ಮುಗಿಯಿತು, ಕರ್ನೆಲ್ ಸಂರಚನೆಯಲ್ಲಿ 'ಅಪೆಂಡೆಡ್ ಡಿಟಿಬಿ' ಆಯ್ಕೆ ಹಾಕಿರಬೇಕಷ್ಟೆ. ಆಮೇಲೆ ಫೈಲನ್ನು ಯು-ಬೂಟಿಗೆ ತಿಳಿಯುವ ರೂಪಕ್ಕೆ ತರುವ 'ಎಂಕೆಇಮೇಜ್' ಬಳಸಿ ಲೋಡ್ ವಿಳಾಸ, ಪ್ರವೇಶ ವಿಳಾಸ ಎರಡನ್ನೂ ಹೆಕ್ಸ್ 8000 ಎಂದು ಕೊಡುವುದು.

ಇಲ್ಲಿಗೆ ಬಂದವರೆಲ್ಲ ಮಾಡುವ ತಪ್ಪು, ನೇರ ಫ್ಲ್ಯಾಷಿಗೆ, ಅಂದರೆ ಡಬ್ಬಿಯ ಕಾಯಂ ಮೆಮೊರಿಗೆ, ಬರೆಯುವುದು. ಅಡಿಕೆ ತೋಟದವರಿಗೆ ಈ ಮಾತು ಬೇಗ ಅರ್ಥವಾದೀತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಲೆಕ್ಕ ಇದ್ದರೂ ಯಾರೂ ನೇರ ಮರಕ್ಕೆ ಹೊಡೆಯುವುದಿಲ್ಲ. ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಕರ್ನೆಲ್ಲಿಗೂ ಕತ್ತಿ ಪರೀಕ್ಷೆ ಇದೆ. ಲ್ಯಾಪ್‌ಟಾಪಿನಲ್ಲಿ ಲ್ಯಾನಿನಲ್ಲಿ ಫೈಲ್ ಕಳಿಸುವ ಟಿಎಫ್‌ಟಿಪಿ ಸರ್ವರ್ ನಡೆಸಿ, ಯು-ಬೂಟಿನಲ್ಲಿ ಎರಡೂ ಐಪಿ ವಿಳಾಸ ಕೊಟ್ಟು, ಫೈಲನ್ನು ಮೆಮೊರಿಯ ಹೆಕ್ಸ್ 800000ಕ್ಕೆ ಎಳೆದುಕೊಂಡು, ಅದನ್ನು ಎಬ್ಬಿಸಲು 'ಬೂಟ್‌ಎಂ' ಎನ್ನುವುದು. ಕೆಟ್ಟರೆ ಪ್ಲಗ್ ಕಿತ್ತು ಹಾಕಿದರಾಯಿತು, ಹಳೇ ಕರ್ನೆಲ್ ಇದ್ದಲ್ಲೇ ಇರುತ್ತದೆ. ಫ್ಲ್ಯಾಷಿನ ಮೊದಲ ಭಾಗ ಯು-ಬೂಟಿನದು. ಅದನ್ನು ಅಳಿಸಿದವರಿಗೂ ಒಂದು ದಾರಿಯಿದೆ, 'ಕೆಡಬ್ಲ್ಯುಬೂಟ್' ಎಂಬ ಸಾಧನ ಸೀರಿಯಲ್ ತಂತಿಯಲ್ಲೇ ಚಿಪ್ಪಿಗೆ ಯು-ಬೂಟನ್ನು ಉಣಿಸುತ್ತದೆ. 115200ರ ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಕೆಬಿ ಚಿಲ್ಲರೆ, ಅರ್ಧ ಎಂಬಿಗೆ ಮುಕ್ಕಾಲು ನಿಮಿಷ. ಆ ಮುಕ್ಕಾಲು ನಿಮಿಷದಲ್ಲಿ ಕರೆಂಟ್ ಹೋಗುವುದು ವಿಧಿನಿಯಮ. ಜೋಗದಿಂದ ರಾಜ್ಯಕ್ಕೆ ವಿದ್ಯುತ್ ಕೊಡುವ ಸೀಮೆಯಲ್ಲಿ, ಲೈನಿನ ಮೇಲೆ ಮರ ಬೀಳಲು ಒಂದು ಗಾಳಿ ಸಾಕು.

ಎಲ್ಲ ಸರಿಮಾಡಿ 'ಬೂಟ್‌ಎಂ' ಕೊಟ್ಟಿರಿ. ಪರದೆಯ ಮೇಲೆ 'ಅನ್‌ಕಂಪ್ರೆಸಿಂಗ್ ಲಿನಕ್ಸ್... ಡನ್, ಬೂಟಿಂಗ್ ದ ಕರ್ನೆಲ್' ಎಂದು ಬರುತ್ತದೆ. ಆಮೇಲೆ ಮೌನ. ಕರ್ನೆಲ್ ಸತ್ತಿದೆಯೋ, ಬದುಕಿ ಮಾತಾಡುತ್ತಿಲ್ಲವೋ ತಿಳಿಯದು. ಹೆಣ್ಣು ನೋಡಿ ಹೋದ ಗಂಡಿನ ಕಡೆಯವರ ಮೌನದಂಥದ್ದು. ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಪಟ್ಟಿ ಬಾಲಕ್ಕೆ ಅಂಟಿಲ್ಲ. ಅಥವಾ ಅಂಟಿದೆ, ಆದರೆ ಯು-ಬೂಟ್ ಕೊಟ್ಟ ಬೂಟ್ ಸಾಲು ಕರ್ನೆಲ್ಲಿಗೆ ತಲುಪಿಲ್ಲ; ಅದಕ್ಕೆ 'ಎಟ್ಯಾಗ್ ಡಿಟಿಬಿ ಕಂಪ್ಯಾಟ್' ಎಂಬ ಇನ್ನೊಂದು ಆಯ್ಕೆ ಹಾಕಬೇಕು. ಇಲ್ಲವೇ ಕನ್ಸೋಲ್, ಅಂದರೆ ಕರ್ನೆಲ್ ಮಾತಾಡಬೇಕಾದ ದಾರಿಯ ಹೆಸರು, ತಪ್ಪಿದೆ. ಯಾವುದೆಂದು ಊಹಿಸುತ್ತ ಕೂರುವ ಬದಲು ಕೆಳಮಟ್ಟದ ಡಿಬಗ್ ಆನ್ ಮಾಡಿ, ಸೀರಿಯಲ್ ದಾರಿಯ (ಯುಆರ್ಟ್) ವಿಳಾಸ ಹೆಕ್ಸ್ ಎಫ್1012000 ಕೊಟ್ಟು, ಬೂಟ್ ಸಾಲಿನಲ್ಲಿ 'ಅರ್ಲಿಪ್ರಿಂಟ್‌ಕೆ' ಸೇರಿಸಿ. ಮೊದಲ ಉಸಿರಿನಿಂದಲೇ ಗೊಣಗಲು ಶುರು ಮಾಡುತ್ತದೆ.

ನಿಜವಾದ ಎಮ್ಮೆ ಏಳುವುದು ಈಗ. ಕರ್ನೆಲ್ ಎದ್ದಿತು, ಲ್ಯಾನ್ ಬಂತು, 'ಸಾಟಾ ಲಿಂಕ್ ಡೌನ್' ಎಂದಿತು. ಡ್ರೈವರ್ ಕೆಟ್ಟಿದೆ ಎಂದು ಅದರ ಸೋರ್ಸ್ ಕೋಡನ್ನು ಎರಡು ರಾತ್ರಿ ಓದುವವರಿದ್ದಾರೆ. ಡಿಸ್ಕಿಗೆ ಕಿವಿಯಿಟ್ಟು ಕೇಳಿದ್ದರೆ ಎರಡು ಸೆಕೆಂಡ್ ಸಾಕಿತ್ತು: ಅದು ಸುತ್ತುತ್ತಲೇ ಇಲ್ಲ. ಇಂಥ ಡಬ್ಬಿಗಳಲ್ಲಿ ಡಿಸ್ಕಿನ ವಿದ್ಯುತ್ತೂ ಚಿಪ್ಪಿನ ಒಂದು ಜಿಪಿಐಒ ಪಿನ್ನಿನ, ಅಂದರೆ ತಂತ್ರಾಂಶ ಒತ್ತುವ ಸ್ವಿಚ್ಚಿನ, ಕೈಯಲ್ಲಿರುವುದುಂಟು. ಹಳೇ ಕರ್ನೆಲ್ ಗುಟ್ಟಾಗಿ ಆ ಸ್ವಿಚ್ ಒತ್ತುತ್ತಿತ್ತು. ಹೊಸದಕ್ಕೆ ಹೇಳಿದವರಿಲ್ಲ. ಕರ್ಕ್‌ವುಡ್ಡಿನ 6281 ಚಿಪ್ಪಿನಲ್ಲಿ ಇಂಥ ಬಹುಕೆಲಸದ ಪಿನ್ನುಗಳು 50. ತಯಾರಕರು ಸೋರ್ಸ್ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿಯ ಪ್ರಕಾರ ಕೊಟ್ಟ ಹಳೇ ಕರ್ನೆಲ್ ಸೋರ್ಸಿನಲ್ಲಿ ಬೋರ್ಡಿನ ಫೈಲ್ ಹುಡುಕಿದರೆ ಅಂಕಿ ಸಿಕ್ಕೀತು. ಸಿಕ್ಕ ಅಂಕಿಯನ್ನು ಹಾಗೇ ಪಟ್ಟಿಗೆ ಬರೆದರೆ ಮತ್ತೆ ತಪ್ಪು. ಪಿನ್ನುಗಳು ಎರಡು ಕಂತು, ಮೊದಲ ಕಂತಿನಲ್ಲಿ 32, ಉಳಿದದ್ದು ಎರಡನೆಯದರಲ್ಲಿ. ಹಾಗಾಗಿ 39 ಎಂದರೆ ಎರಡನೇ ಕಂತಿನ 7. ಎಣಿಕೆ ಸೊನ್ನೆಯಿಂದ ಎಂಬುದು ನೆನಪಿರಲಿ.

ಸೋರ್ಸ್ ಸಿಗದಿದ್ದರೆ ನೆಂಟನ ವಿಧಾನವೇ ಗತಿ, ಒಂದೊಂದನ್ನೇ ಒತ್ತಿ ನೋಡುವುದು. ಆಗ ಡಿಸ್ಕುಗಳನ್ನು ಕಡ್ಡಾಯವಾಗಿ ಹೊರಗಿಡಿ. ತಿರುಗುವ ಡಿಸ್ಕಿನ ಕರೆಂಟನ್ನು ಹತ್ತು ಸಲ ಕೀಳುವುದು ಫೋಟೋಗಳಿಗೆ ತಿಥಿ ಮಾಡಿದಂತೆ. ಖಾಲಿ ಸಾಟಾ ಕನೆಕ್ಟರಿನಲ್ಲಿ 12 ಮತ್ತು 5 ವೋಲ್ಟ್ ಬರುವುದನ್ನು ಮೀಟರ್ ಹೇಳುತ್ತದೆ. ಹುಡುಕುವ ದಾರಿಯಲ್ಲಿ ಬಜರ್ ಕೂಗುತ್ತದೆ, ಫ್ಯಾನ್ ಅಡಿಕೆ ಸುಲಿಯುವ ಮಷಿನ್ನಿನ ಹಾಗೆ ಅಬ್ಬರಿಸುತ್ತದೆ, ಒಮ್ಮೆ ಡಬ್ಬಿಯೇ ಪಕ್ಕನೆ ಆರುತ್ತದೆ. ಬೇಜಾರು ಬೇಡ, ಪವರ್ ಆಫ್ ಪಿನ್ನು ಪುಕ್ಕಟೆ ಸಿಕ್ಕಿತು, ಬರೆದಿಟ್ಟುಕೊಳ್ಳಿ. ಎರಡು ಡಿಸ್ಕಿದ್ದರೆ ಎರಡಕ್ಕೂ ಒಟ್ಟಿಗೆ ಕರೆಂಟ್ ಕೊಡಬೇಡಿ. 3.5 ಇಂಚಿನ ಡಿಸ್ಕ್ ಸುತ್ತಲು ಶುರುಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 4. ಪಟ್ಟಿಯಲ್ಲಿ ಎರಡನೆಯದಕ್ಕೆ ಕೆಲವು ಸೆಕೆಂಡ್ ತಡ ಬರೆಯಬಹುದು. ರೌಟರಿಗೆಂದು ತಂದ 12 ವೋಲ್ಟ್, 2 ಆಂಪಿಯರಿನ ಪುಟ್ಟ ಯುಪಿಎಸ್ಸಿಗೆ ಈ ಡಬ್ಬಿಯನ್ನು ಸಿಕ್ಕಿಸಿ "ಬೂಟ್ ಆಗ್ತಾನೇ ಇಲ್ಲ ಮಾರಾಯ" ಎನ್ನುವವರು ಕರ್ನೆಲ್ಲನ್ನು ಬೈಯುವುದು ಅನ್ಯಾಯ.

ಉಳಿದವೆಲ್ಲ ಸಣ್ಣ ಕಿರಿಕಿರಿಗಳು. ಲ್ಯಾನಿನ ಲಿಂಕ್ ದೀಪ ಹತ್ತಿದೆ, ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ ಎಂದರೆ ಲ್ಯಾನ್ ತಂತಿಯನ್ನು ನೋಡಿಕೊಳ್ಳುವ ಚಿಪ್ಪಿನ (ಫೈ) ಮಾರ್ವೆಲ್ ಡ್ರೈವರ್ ಹಾಕಲು ಮರೆತು ಸಾಮಾನ್ಯ ಡ್ರೈವರ್ ಕೂತಿರುವ ಸಾಧ್ಯತೆ ಹೆಚ್ಚು. ಡಬ್ಬಿಯ ಐಪಿ ದಿನಕ್ಕೊಂದಾದರೆ ಲ್ಯಾನ್ ಕಿಂಡಿಯ ಗುರುತಾದ ಮ್ಯಾಕ್ ವಿಳಾಸ ಸಿಗದೆ ಕರ್ನೆಲ್ ಪ್ರತಿ ಸಲ ಹೊಸದೊಂದನ್ನು ಹುಟ್ಟಿಸಿಕೊಳ್ಳುತ್ತಿದೆ, ರೌಟರಿಗೆ ದಿನವೂ ಹೊಸ ನೆಂಟ ಬಂದಂತೆ. ಗಡಿಯಾರದ ಬಟನ್ ಸೆಲ್ ಸತ್ತಿದ್ದರೆ, ಮೂರು ದಿನ ಕರೆಂಟಿಲ್ಲದೆ ಎದ್ದ ಡಬ್ಬಿ ತಾನು ಕಳೆದ ಶತಮಾನದಲ್ಲಿದ್ದೇನೆ ಎಂದುಕೊಂಡು, ಡಿಸ್ಕನ್ನು ಭವಿಷ್ಯದಲ್ಲಿ ಯಾರೋ ಮೌಂಟ್ ಮಾಡಿದ್ದಾರೆ ಎಂದು ದೂರುತ್ತದೆ. ಹೊಸ ಸೆಲ್, ಇಲ್ಲವೇ ಆರುವಾಗಿನ ಸಮಯ ಬರೆದಿಟ್ಟುಕೊಳ್ಳುವ 'ಫೇಕ್ ಎಚ್‌ಡಬ್ಲ್ಯು ಕ್ಲಾಕ್'.

ಆರಿಸುವುದೂ ಎಲ್ಲದರಲ್ಲಿ ಒಂದೇ ಅಲ್ಲ. ಕ್ಯೂನ್ಯಾಪ್ ಕಂಪನಿಯ ಕರ್ಕ್‌ವುಡ್ ಡಬ್ಬಿಗಳಲ್ಲಿ ಪಕ್ಕದಲ್ಲೊಂದು ಮರಿ ಚಿಪ್ ಕೂತಿದೆ. ಎರಡನೇ ಸೀರಿಯಲ್ ದಾರಿಯಲ್ಲಿ 19200ರ ವೇಗದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಒಂದನ್ನು ಕಳಿಸಿದರೆ ಅದು ಕರೆಂಟ್ ಕಡಿಯುತ್ತದೆ. ಸಿನಾಲಜಿ ಕಂಪನಿಯವಕ್ಕೆ 9600ರಲ್ಲಿ '1'. ಎರಡನ್ನೂ ಬಲ್ಲ ಪುಟ್ಟ ಡ್ರೈವರ್ ಕರ್ನೆಲ್ಲಿನಲ್ಲೇ ಇದೆ, ಪಟ್ಟಿಯಲ್ಲಿ ಹೆಸರಿಸಿದರೆ ಸಾಕು. ಹೆಸರಿಸದಿದ್ದರೆ ಪರದೆಯಲ್ಲಿ 'ಪವರ್ ಡೌನ್' ಎಂದು ಬಂದ ಮೇಲೂ ಡಬ್ಬಿ ರಾತ್ರಿಯಿಡೀ ಬೆಚ್ಚಗಿರುತ್ತದೆ. ಬೆಕ್ಕಿನ ಹೊರತು ಯಾರಿಗೂ ಅದು ಗೊತ್ತಾಗುವುದಿಲ್ಲ.

ಕೊನೆಗೆ ದೀಪಗಳು. ಫೋಟೋ ಬಂತು, ಫೋನಿನಲ್ಲೂ ಕಂಡಿತು, ಮನೆಯವರೆಲ್ಲ ಅಜ್ಜಿಯ ಷಷ್ಟ್ಯಬ್ದಿಯ ಪಟ ನೋಡಿ ನಕ್ಕದ್ದೂ ಆಯಿತು. ಆದರೆ ಡಬ್ಬಿಯ ಮುಂದೆ ಕೆಂಪು ದೀಪ ಉರಿಯುತ್ತಿದೆ. ತೊಂದರೆ ಇಲ್ಲದಾಗ ಉರಿಯುತ್ತದೆ, ತೊಂದರೆ ಆದಾಗ ಆರುತ್ತದೆ. ಆ ದೀಪದ ಪಿನ್ನು ಸೊನ್ನೆಯಾದಾಗ ಹತ್ತುವ ಜಾತಿ, ಪಟ್ಟಿಯಲ್ಲಿ 'ಆಕ್ಟಿವ್ ಲೋ' ಎಂದು ಬರೆಯಬೇಕಿತ್ತು, 'ಹೈ' ಎಂದು ಬರೆದಿದೆ. ಒಂದು ಪದ ತಿದ್ದಿ, ಪಟ್ಟಿ ಮತ್ತೆ ಕಟ್ಟಿ, ಬಾಲಕ್ಕಂಟಿಸಿ, ಮೆಮೊರಿಯಲ್ಲಿ ಪರೀಕ್ಷಿಸಿ, ಫ್ಲ್ಯಾಷಿಗೆ ಬರೆದರೆ ಅರ್ಧ ಗಂಟೆಯ ಕೆಲಸ. ಅಷ್ಟು ಹೊತ್ತಿಗೆ ಅಪ್ಪಯ್ಯ ಮೂರು ಸಲ ಬಂದು "ಎಂತದೋ ಇದು, ಕೆಂಪು ದೀಪ ಉರೀತಿದೆ, ಹಾಳಾಯ್ತಾ?" ಎಂದು ಕೇಳಿ ಹೋಗಿರುತ್ತಾರೆ. ಸರಿಪಡಿಸುವ ಮೊದಲೇ ಅಮ್ಮ ಕನ್ನಡಿಯ ಅಂಚಿನಿಂದ ಒಂದು ಸ್ಟಿಕ್ಕರ್ ಬೊಟ್ಟು ಕಿತ್ತು ತಂದು ದೀಪದ ಮೇಲೆ ಅಂಟಿಸುತ್ತಾರೆ. ದೊಡ್ಡ ಸೈಜಿನದು, ಕಪ್ಪು. ಬೆಳಕು ಒಂದು ಚೂರೂ ಸೋರುವುದಿಲ್ಲ.